ಎಲ್ವಾ ಹೊಳೆಯ ಬಿಡುಗಡೆ

ಅಣೆಕಟ್ಟು ಕಟ್ಟಿದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಹಣ ಕೂಡಿಸಿದವರು, ಲೆಕ್ಕ ಹಾಕಿದವರು, ಕಲ್ಲು ಹೊತ್ತವರು, ನಡುವೆ ಬಂದೆರಗಿದ ಪ್ರವಾಹ, ಕೊನೆಗೆ ನಡೆದ ಪ್ರಾರಂಭೋತ್ಸವ ಇವುಗಳಿಂದ ಕೂಡಿದ ಅಂಥ ಕಥೆ ಪ್ರತಿಯೊಂದು ನಾಡಿನಲ್ಲಿಯೂ ಒಂದೆರಡಾದರೂ ಇರುತ್ತವೆ. ಆದರೆ ಗಟ್ಟಿಯಾಗಿ ನಿಂತಿದ್ದ ಅಣೆಕಟ್ಟನ್ನು ಸರ್ಕಾರವೇ ಹಣ ಕೊಟ್ಟು ಕೊಂಡು, ಜನರನ್ನು ಸೇರಿಸಿ, ಸಮಾರಂಭ ನಡೆಸಿ ಒಡೆದುಹಾಕಿದ ಕಥೆ ಅಪರೂಪವಾದುದು. ಅಮೆರಿಕದ ವಾಯವ್ಯ ಮೂಲೆಯಲ್ಲಿ, ವಾಷಿಂಗ್ಟನ್ ಸಂಸ್ಥಾನದಲ್ಲಿ ಹರಿಯುವ ಎಲ್ವಾ ಎಂಬ ಹೊಳೆಯ ಮೇಲೆ 2011ರಿಂದ 2014ರವರೆಗೆ ನಡೆದುದು ಇಂಥ ಒಂದು ಕಾರ್ಯ. ಆ ಹೊಳೆಯ ಮುಖದಲ್ಲಿ ವಾಸಿಸುವ ಸಣ್ಣದೊಂದು ಬುಡಕಟ್ಟಿನ ಜನ ನೂರು ವರ್ಷ ಬಿಡದೆ ಹಿಡಿದ ಹಟ ಅದರ ಹಿಂದೆ ಇದ್ದಿತು.

ಎಲ್ವಾ ದೊಡ್ಡ ನದಿಯಲ್ಲ. ಅದರ ಉದ್ದ ಸುಮಾರು 45 ಮೈಲಿ, ಅಷ್ಟೆ. ಒಲಿಂಪಿಕ್ ಪರ್ವತಗಳ ಹಿಮದಲ್ಲಿ ಹುಟ್ಟಿ, ದಟ್ಟವಾದ ಮಳೆಗಾಡುಗಳ ನಡುವೆ, ಕಿರಿದಾದ ಕಂದರಗಳಲ್ಲಿ ಧುಮುಕಿ ಹರಿದು, ಅಮೆರಿಕಕ್ಕೂ ಕೆನಡಕ್ಕೂ ನಡುವೆ ಇರುವ ಹ್ವಾನ್ ಡೆ ಫೂಕಾ ಜಲಸಂಧಿಯನ್ನು ಸೇರುತ್ತದೆ. ಅದು ಸಮುದ್ರ ಸೇರುವೆಡೆಗೆ ಪೂರ್ವದಲ್ಲಿ ಪೋರ್ಟ್ ಏಂಜಲಸ್ ಎಂಬ ಪಟ್ಟಣವಿದೆ. ಹೊಳೆ ಸಣ್ಣದಾದರೂ ಅದರ ಸಂಪತ್ತು ಸಣ್ಣದಾಗಿರಲಿಲ್ಲ. ಶಾಂತಸಾಗರದ ಆ ಕರಾವಳಿಯ ಐದು ಬಗೆಯ ಸಾಲ್ಮನ್ ಮೀನುಗಳೂ, ಅವುಗಳ ಬಂಧುಗಳಾದ ಬೇರೆ ಕೆಲವು ಮೀನುಗಳೂ ಈ ಒಂದೇ ಹೊಳೆಯನ್ನು ಏರಿ ಬರುತ್ತಿದ್ದುವು. ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ಮೀನು ಬರುತ್ತಿದ್ದಿರಬೇಕೆಂದು ಬಲ್ಲವರ ಅಂದಾಜು. ಅವುಗಳಲ್ಲಿ ರಾಜನೆನಿಸಿದ್ದುದು ಚಿನೂಕ್ ಎಂಬ ಜಾತಿ. ಎಲ್ವಾ ಹೊಳೆಯ ಚಿನೂಕ್ ಒಂದೊಂದು ನೂರು ಪೌಂಡು, ಎಂದರೆ 45 ಕಿಲೋಗ್ರಾಂ, ತೂಗುತ್ತಿದ್ದುದುಂಟು.

ಮೀನು ತಂದ ಕಾಡು

ಸಾಲ್ಮನ್ನಿನ ಬದುಕಿನ ಕ್ರಮವನ್ನು ತಿಳಿಯದೆ ಈ ಕಥೆಯ ಮರ್ಮ ತಿಳಿಯುವುದಿಲ್ಲ. ಇದು ಹೊಳೆಯ ತಳದ ಜಲ್ಲಿಯಲ್ಲಿ ಗುಣಿ ತೋಡಿ ಮೊಟ್ಟೆ ಇಡುತ್ತದೆ. ಮರಿಗಳು ಸಿಹಿನೀರಿನಲ್ಲಿ ಹುಟ್ಟಿ, ಕೆಲವು ಕಾಲ ಅಲ್ಲಿಯೇ ಇದ್ದು, ಪ್ರವಾಹದೊಡನೆ ಸಮುದ್ರಕ್ಕೆ ಇಳಿಯುತ್ತವೆ. ಅಲ್ಲಿ ಕೆಲವು ವರ್ಷ ಮೇದು ಬೆಳೆದು, ತಾವು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಹಿಂದಿರುಗಿ, ನೀರಿಗೆ ಎದುರಾಗಿ ಈಜಿ, ಮೇಲಿನ ಜಲ್ಲಿಯಲ್ಲಿ ಮೊಟ್ಟೆ ಇಟ್ಟು ಸಾಯುತ್ತವೆ. ಹೀಗೆ ಸತ್ತ ಲಕ್ಷಾಂತರ ಮೀನುಗಳನ್ನು ಕರಡಿ ತಿನ್ನುತ್ತದೆ, ಹದ್ದು ತಿನ್ನುತ್ತದೆ. ಉಳಿದುದು ಕೊಳೆತು ದಂಡೆಯ ಮರಗಳಿಗೆ ಗೊಬ್ಬರವಾಗುತ್ತದೆ. ಸಮುದ್ರದ ಸಾರವನ್ನು ಮೀನು ಬೆಟ್ಟದ ಕಾಡಿಗೆ ಹೊತ್ತು ತರುತ್ತದೆ ಎಂದರೆ ಅದು ಅಲಂಕಾರದ ಮಾತಲ್ಲ.

ಈ ಮೀನನ್ನು ನಂಬಿ ಬದುಕಿದವರು ಕ್ಲಾಲಮ್ ಜನ. ಆ ಹೆಸರಿಗೆ ಬಲಶಾಲಿಗಳು ಎಂದು ಅರ್ಥ. ಹೊಳೆಯ ಮುಖದಲ್ಲಿ ಅವರ ಊರುಗಳಿದ್ದುವು. ಆ ಕರಾವಳಿಯ ಬುಡಕಟ್ಟುಗಳಲ್ಲಿ ವರ್ಷದ ಮೊದಲನೆಯ ಸಾಲ್ಮನ್ ಬಂದಾಗ ಅದನ್ನು ಅತಿಥಿಯಂತೆ ಸತ್ಕರಿಸಿ, ಎಲ್ಲರೂ ಹಂಚಿ ತಿಂದು, ಮೂಳೆಗಳನ್ನು ಹೊಳೆಗೆ ಮರಳಿಸುವ ವಿಧಿಯಿದೆ. ಎಲ್ವಾ ಹೊಳೆಯ ದಂಡೆಯಲ್ಲೊಂದು ಬಂಡೆ. ಅದರಲ್ಲಿ ಬುಟ್ಟಿಯ ಆಕಾರದ ಕುಳಿಗಳು. ಸೃಷ್ಟಿಕರ್ತನು ಅಲ್ಲಿಯೇ ತಮ್ಮ ಜನವನ್ನು ಮೀಯಿಸಿ ಹರಸಿದನೆಂದು ಅವರ ನಂಬಿಕೆ. ಹಾಗಾಗಿ ಆ ಹೊಳೆ ಅವರಿಗೆ ಉಣಿಸುವ ತಾಯಿಯೂ ಹೌದು, ಹುಟ್ಟಿದ ಮನೆಯೂ ಹೌದು.

1855ರ ಜನವರಿಯಲ್ಲಿ ಅಮೆರಿಕ ಸರ್ಕಾರ ಈ ಜನರೊಡನೆಯೂ ನೆರೆಯ ಬುಡಕಟ್ಟುಗಳೊಡನೆಯೂ ಪಾಯಿಂಟ್ ನೋ ಪಾಯಿಂಟ್ ಎಂಬಲ್ಲಿ ಒಪ್ಪಂದ ಮಾಡಿಕೊಂಡಿತು. ನೆಲವನ್ನೆಲ್ಲ ಸರ್ಕಾರ ಪಡೆದುಕೊಂಡಿತು. ಜನರಿಗೆ ಉಳಿದ ಮುಖ್ಯವಾದ ಹಕ್ಕು ಒಂದೇ: ತಾವು ಎಂದಿನಿಂದಲೂ ಮೀನು ಹಿಡಿಯುತ್ತಿದ್ದ ಕಡೆಗಳಲ್ಲಿ ಮುಂದೆಯೂ ಹಿಡಿಯಬಹುದು ಎಂಬುದು. ನೆಲವನ್ನು ಕೊಟ್ಟು ಮೀನನ್ನು ಉಳಿಸಿಕೊಂಡ ಆ ಕಾಗದದ ಬೆಲೆ ಎಷ್ಟೆಂಬುದು ಮುಂದೆ ನೂರಿಪ್ಪತ್ತು ವರ್ಷ ಕಳೆದ ಮೇಲೆ ಗೊತ್ತಾಯಿತು.

ಆಲ್ಡ್‌ವೆಲ್ಲನ ಕನಸು

1890ರಲ್ಲಿ ಥಾಮಸ್ ಆಲ್ಡ್‌ವೆಲ್ ಎಂಬ ತರುಣನು ಕೆನಡದಿಂದ ಪೋರ್ಟ್ ಏಂಜಲಸ್‌ಗೆ ಬಂದನು. ಆಗ ಅದು ಹೊಸದಾಗಿ ಬೆಳೆಯುತ್ತಿದ್ದ ಕೊಂಪೆ. ಎಲ್ವಾ ಹೊಳೆಯ ಕಿರಿದಾದ ಕಂದರವನ್ನು ಕಂಡ ಆಲ್ಡ್‌ವೆಲ್ಲನಿಗೆ ಅದರಲ್ಲಿ ವಿದ್ಯುಚ್ಛಕ್ತಿ ಕಾಣಿಸಿತು. ಹಲವು ವರ್ಷ ಸದ್ದಿಲ್ಲದೆ ದಂಡೆಯ ಜಮೀನುಗಳನ್ನು ಕೂಡಿಹಾಕಿ, ಹಣವಂತರನ್ನು ಹುಡುಕಿ ಒಂದು ಕಂಪನಿಯನ್ನು ಕಟ್ಟಿದನು. 1910ರಲ್ಲಿ ಕೆಲಸ ಮೊದಲಾಯಿತು. ಅದು ಅಣೆಕಟ್ಟುಗಳ ಉತ್ಸಾಹದ ಕಾಲ. ಅದರ ಮರುವರ್ಷವೇ, 1911ರಲ್ಲಿ, ನಮ್ಮ ಕನ್ನಂಬಾಡಿಯ ಕೆಲಸವೂ ಮೊದಲಾಯಿತೆಂದರೆ ಆ ಕಾಲದ ಗಾಳಿ ಎತ್ತ ಬೀಸುತ್ತಿದ್ದಿತೆಂಬುದು ತಿಳಿದೀತು.

ಎಲ್ವಾ ಕಟ್ಟೆಯನ್ನು ಹೊಳೆಯ ಮುಖದಿಂದ ಐದು ಮೈಲಿ ಮೇಲೆ, 108 ಅಡಿ ಎತ್ತರಕ್ಕೆ ಕಟ್ಟಿದರು. ಆದರೆ ಅದರ ಬುಡ ಕೆಳಗಿನ ಗಟ್ಟಿ ಬಂಡೆಯವರೆಗೆ ಇಳಿಯಲಿಲ್ಲ. ಜಲ್ಲಿಯ ಮೇಲೆಯೇ ನಿಂತಿತು. 1912ರ ಅಕ್ಟೋಬರ್ ಕೊನೆಯಲ್ಲಿ, ಜಲಾಶಯ ತುಂಬುತ್ತಿದ್ದ ಹಾಗೆಯೇ, ನೀರು ಬುಡವನ್ನು ಒಡೆದುಕೊಂಡು ಹೊರನುಗ್ಗಿತು. ಮೇಲಿನ ಗೋಡೆ ಹಾಗೆಯೇ ನಿಂತಿದ್ದಿತು. ನೀರು ಮಾತ್ರ ಕೆಳಗಿನಿಂದ ಹೋಯಿತು! ಕೆಳಗಿದ್ದ ಕ್ಲಾಲಮ್ ಜನರ ಮನೆಗಳಿಗೆ ಹೊಳೆ ನುಗ್ಗಿತು. ನೀರು ಇಳಿದ ಮೇಲೆ ಹೊಲಗಳಲ್ಲಿ ಮೀನು ಬಿದ್ದಿದ್ದುದನ್ನು ಹಿರಿಯರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಕಂಪನಿಯವರು ಕಂದರದ ಗೋಡೆಗಳನ್ನು ಸಿಡಿಸಿ ಬಂಡೆಗಳನ್ನೂ, ಮರದ ರಾಶಿಗಳನ್ನೂ, ಮಣ್ಣನ್ನೂ ಆ ಬಿರುಕಿಗೆ ತುರುಕಿ, 1913ರಲ್ಲಿ ವಿದ್ಯುತ್ತನ್ನು ಹರಿಸಿದರು. ಅಂದಿನಿಂದ ಕಟ್ಟೆಯ ಕೆಳಗೆ ಮಲಗುವವರಿಗೆ ಮಳೆಗಾಲದಲ್ಲಿ ನಿದ್ದೆ ಕಡಿಮೆಯಾಯಿತು.

ಮೀನಿನ ಗತಿಯೇನು? ಮೀನು ಏರುವ ಹೊಳೆಗೆ ಕಟ್ಟೆ ಹಾಕುವವರು ಮೀನಿಗೆ ದಾರಿ ಬಿಡಬೇಕೆಂದು ವಾಷಿಂಗ್ಟನ್ ಸಂಸ್ಥಾನ 1890ರಲ್ಲಿಯೇ ಕಾಯಿದೆ ಮಾಡಿತ್ತು. ಆಲ್ಡ್‌ವೆಲ್ಲನ ಕಟ್ಟೆಯಲ್ಲಿ ಅಂಥ ದಾರಿ ಇರಲಿಲ್ಲ. ಮೀನುಗಾರಿಕೆಯ ಅಧಿಕಾರಿಯಾಗಿದ್ದ ಲೆಸ್ಲಿ ಡಾರ್ವಿನ್ ಒಂದು ಉಪಾಯ ಹೂಡಿದನು. ಮೀನಿಗೆ ದಾರಿ ಬಿಡುವ ಬದಲು ಕಟ್ಟೆಯ ಬಳಿ ಮರಿ ಮಾಡಿಸುವ ಕೇಂದ್ರವೊಂದನ್ನು ಕಂಪನಿ ಕಟ್ಟಿಕೊಟ್ಟರೆ ಸಾಕೆಂದು ಒಪ್ಪಿದನು. ಕಾಯಿದೆಯೂ ಅದಕ್ಕೆ ತಕ್ಕಂತೆ ಬದಲಾಯಿತು. ಕೇಂದ್ರ ಎದ್ದಿತು, ಆದರೆ ಕೆಲಸ ಕೈಗೂಡಲಿಲ್ಲ. 1922ರಲ್ಲಿ ಅದನ್ನು ಮುಚ್ಚಿದರು. ಕಾಯಿದೆ ಹೋಯಿತು, ಕೇಂದ್ರವೂ ಹೋಯಿತು, ಕಟ್ಟೆ ಮಾತ್ರ ನಿಂತಿತು.

1927ರಲ್ಲಿ ಇನ್ನೂ ಎಂಟೊಂಬತ್ತು ಮೈಲಿ ಮೇಲೆ ಗ್ಲೈನ್ಸ್ ಕೆನ್ಯನ್ ಎಂಬ ಇನ್ನೊಂದು ಕಟ್ಟೆ ಎದ್ದಿತು. ಅದರ ಎತ್ತರ 210 ಅಡಿ. ಈ ಎರಡು ಕಟ್ಟೆಗಳ ವಿದ್ಯುತ್ತಿನಿಂದ ಪೋರ್ಟ್ ಏಂಜಲಸ್ ಪಟ್ಟಣಕ್ಕೆ ಬೆಳಕು ಬಂದಿತು, ಮರದ ಕಾರ್ಖಾನೆಗಳು ಬಂದುವು, ಸಾವಿರಾರು ಜನಕ್ಕೆ ಕೂಲಿ ಸಿಕ್ಕಿತು. ಅದನ್ನು ಅಲ್ಲಗಳೆಯುವಂತಿಲ್ಲ. ಆಲ್ಡ್‌ವೆಲ್ ಮುಪ್ಪಿನಲ್ಲಿ ಬರೆದ ಆತ್ಮಕಥೆ 1950ರಲ್ಲಿ ಹೊರಬಂದಿತು. ಕೊನೆಯ ಗಡಿಯನ್ನು ಗೆದ್ದ ಕಥೆ ಎಂಬ ಅರ್ಥದ ಹೆಸರು ಅದಕ್ಕೆ. ಗೆದ್ದವರು ಬರೆದ ಪುಸ್ತಕ ಅದು. ಸೋತವರು ಪುಸ್ತಕ ಬರೆಯಲಿಲ್ಲ, ಮಕ್ಕಳಿಗೆ ಹೇಳಿದರು.

ಗೋಡೆಯ ಕೆಳಗೆ

ಎಪ್ಪತ್ತು ಮೈಲಿಗೂ ಹೆಚ್ಚು ಉದ್ದದ ಹೊಳೆ ಉಪಹೊಳೆಗಳಲ್ಲಿ ಮೀನಿಗೆ ಉಳಿದುದು ಕೆಳಗಿನ ಐದು ಮೈಲಿ. ಪ್ರತಿ ವರ್ಷವೂ ಸಾಲ್ಮನ್‌ಗಳು ಕಟ್ಟೆಯ ಬುಡದವರೆಗೆ ಬಂದು, ದಾರಿಗಾಣದೆ ಅಲ್ಲಿಯೇ ಸುತ್ತುತ್ತಿದ್ದುವು. ನೂರು ವರ್ಷವಾದರೂ ಈ ಯಾತ್ರೆ ನಿಲ್ಲಲಿಲ್ಲ. ಕಟ್ಟೆ ತಡೆದುದು ಮೀನನ್ನಷ್ಟೇ ಅಲ್ಲ. ಬೆಟ್ಟದಿಂದ ಹೊಳೆ ಹೊತ್ತು ತರುವ ಮರಳು, ಜಲ್ಲಿ, ಬಿದ್ದ ಮರ ಎಲ್ಲವೂ ಜಲಾಶಯದಲ್ಲಿ ನಿಂತುವು. ಕೆಳಗೆ ಹರಿಯುವ ನೀರಿಗೆ ಹೊಸ ಜಲ್ಲಿ ಸಿಗದೆ ಇದ್ದ ಜಲ್ಲಿಯೂ ಕೊಚ್ಚಿಹೋಗಿ ದೊಡ್ಡ ಕಲ್ಲುಗಳು ಮಾತ್ರ ಉಳಿದುವು. ಅವುಗಳ ನಡುವೆ ಮೀನು ಗುಣಿ ತೋಡುವುದೆಂತು? ಸಮುದ್ರತೀರಕ್ಕೆ ಮರಳು ಬರುವುದೂ ನಿಂತು ದಂಡೆ ಸವೆಯಿತು. ಕ್ಲಾಲಮ್ ಹೆಂಗಸರು ಚಿಪ್ಪುಮೀನು ಹೆಕ್ಕುತ್ತಿದ್ದ ಮರಳದಂಡೆ ಗುಂಡುಕಲ್ಲಿನ ಹಾಸಾಯಿತು. ನಾಲ್ಕು ಲಕ್ಷವಿದ್ದ ಮೀನು ಕೆಲವು ಸಾವಿರಕ್ಕೆ ಇಳಿಯಿತು.

ಜನರ ಪಾಡೂ ಅಷ್ಟೆ. ಪಟ್ಟಣದ ಅಂಚಿನ ಮರಳುದಿಣ್ಣೆಯ ಮೇಲೆ ಗುಡಿಸಲು ಹಾಕಿಕೊಂಡಿದ್ದವರಿಗೆ 1930ರ ದಶಕದಲ್ಲಿ ಸರ್ಕಾರ ಎಲ್ವಾ ಕಣಿವೆಯ ಕೆಳಭಾಗದಲ್ಲಿ ಸ್ವಲ್ಪ ನೆಲ ಕೊಂಡುಕೊಟ್ಟಿತು. ಅದನ್ನು ವಿಧಿಪೂರ್ವಕವಾಗಿ ಅವರ ಮೀಸಲು ನೆಲವೆಂದು ಸಾರಿದುದು 1968ರಲ್ಲಿ. ಒಪ್ಪಂದದ ಹಕ್ಕನ್ನು ನಂಬಿ ಹೊಳೆಗೆ ಬಲೆ ಹಾಕಿದವರನ್ನು ಸಂಸ್ಥಾನದ ಕಾವಲುಗಾರರು ಹಿಡಿಯುತ್ತಿದ್ದರು. ಕತ್ತಲಲ್ಲಿ, ಕದ್ದು, ತಮ್ಮದೇ ಮೀನನ್ನು ಹಿಡಿಯುವ ಸ್ಥಿತಿ ಬಂದಿತು.

ಗಾಳಿ ತಿರುಗಿದುದು 1974ರಲ್ಲಿ. ಜಾರ್ಜ್ ಬೋಲ್ಟ್ ಎಂಬ ನ್ಯಾಯಾಧೀಶರು ಹಳೆಯ ಒಪ್ಪಂದಗಳನ್ನು ಓದಿ, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಬುಡಕಟ್ಟುಗಳಿಗೆ ಸೇರಿದ್ದೆಂದು ತೀರ್ಪು ಕೊಟ್ಟರು. 1855ರ ಕಾಗದಕ್ಕೆ ಜೀವ ಬಂದಿತು. ಆದರೆ ಹೊಳೆಯಲ್ಲಿ ಮೀನೇ ಇಲ್ಲದಿದ್ದರೆ ಅರ್ಧ ಪಾಲು ಯಾವುದರ ಅರ್ಧ? ಎಲ್ವಾ ಜನರ ಗಮನ ಸಹಜವಾಗಿ ಕಟ್ಟೆಗಳ ಕಡೆಗೆ ತಿರುಗಿತು.

ಅವರಿಗೆ ನೆರವಾದುದು ಒಂದು ಸರ್ಕಾರಿ ತೊಡಕು. ಎಲ್ವಾ ಕಟ್ಟೆಗೆ ಕೇಂದ್ರ ಸರ್ಕಾರದ ಪರವಾನಗಿಯೇ ಇರಲಿಲ್ಲ. ಗ್ಲೈನ್ಸ್ ಕೆನ್ಯನ್ ಕಟ್ಟೆಯ ಐವತ್ತು ವರ್ಷದ ಪರವಾನಗಿ 1976ರಲ್ಲಿ ಮುಗಿಯಿತು. ಅದರ ಮೇಲೆ, 1938ರಲ್ಲಿ ಸ್ಥಾಪಿತವಾದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನ ವಿಸ್ತಾರಗೊಂಡು ಆ ಕಟ್ಟೆ ಉದ್ಯಾನದ ಒಳಗೇ ಸೇರಿಹೋಗಿತ್ತು. ರಾಷ್ಟ್ರೀಯ ಉದ್ಯಾನದೊಳಗೆ ಅಣೆಕಟ್ಟಿಗೆ ಪರವಾನಗಿ ಕೊಡಬಹುದೆ ಎಂಬ ಪ್ರಶ್ನೆ ಹುಟ್ಟಿತು. ಮೂರ್ತಿ ಸಣ್ಣದಾದ ಬುಡಕಟ್ಟು ಪರವಾನಗಿಯ ವಿಚಾರಣೆಯಲ್ಲಿ ತಾನೂ ಒಬ್ಬ ಕಕ್ಷಿಗಾರನೆಂದು ಮುಂದೆ ಬಂದಿತು. ಕಟ್ಟೆಯ ಬುಡ ಭದ್ರವಲ್ಲವೆಂಬುದು, ಮೀನಿಗೆ ದಾರಿಯಿಲ್ಲವೆಂಬುದು, ಒಪ್ಪಂದ ಮುರಿದಿದೆಯೆಂಬುದು ಅದರ ಮೂರು ವಾದಗಳು. 1980ರ ದಶಕದಲ್ಲಿ ನಿಸರ್ಗ ಸಂರಕ್ಷಣೆಯ ಸಂಘಗಳೂ ಜೊತೆಗೂಡಿದುವು. ಕಟ್ಟೆಗಳನ್ನೇ ತೆಗೆಯಬೇಕೆಂದು ಕೇಳಿದಾಗ ಪಟ್ಟಣದ ಅನೇಕರು ನಕ್ಕರು.

ನಗು ನಿಂತುದು ಲೆಕ್ಕ ತೆಗೆದಾಗ. ಒಂದು ಕಾಲಕ್ಕೆ ಊರಿಗೆಲ್ಲ ಬೆಳಕು ಕೊಟ್ಟಿದ್ದ ಈ ಕಟ್ಟೆಗಳ ವಿದ್ಯುತ್ತು ಈಗ ಒಂದೇ ಒಂದು ಕಾಗದದ ಕಾರ್ಖಾನೆಗೆ ಹೋಗುತ್ತಿತ್ತು. ಅದರ ಅಗತ್ಯದಲ್ಲಿ ಅರ್ಧವನ್ನೂ ಪೂರೈಸುತ್ತಿರಲಿಲ್ಲ. ಮೀನಿಗೆ ದಾರಿ ಮಾಡಿ, ಕಟ್ಟೆಯನ್ನು ಭದ್ರಪಡಿಸಿ ನಡೆಸುವುದು ಒಡೆಯನಿಗೇ ನಷ್ಟದ ಮಾತು. ಹೀಗೆ ಹಟಮಾರಿಗಳಾಗಿದ್ದ ಪಕ್ಷಗಳೆಲ್ಲ ಕೂತು ಮಾತನಾಡುವ ಸಂದರ್ಭ ಒದಗಿತು. 1992ರಲ್ಲಿ ಅಮೆರಿಕದ ಶಾಸನಸಭೆ ಎಲ್ವಾ ಹೊಳೆಯ ಪುನರುಜ್ಜೀವನಕ್ಕಾಗಿಯೇ ಒಂದು ಕಾಯಿದೆ ಮಾಡಿತು. ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ ಅದಕ್ಕೆ ರುಜು ಹಾಕಿದರು. ಕಾರ್ಖಾನೆಗೆ ಬದಲಿ ವಿದ್ಯುತ್ತು, ಪಟ್ಟಣಕ್ಕೆ ಶುದ್ಧ ನೀರು, ಹೊಳೆಗೆ ಬಿಡುಗಡೆ, ಈ ಮೂರಕ್ಕೂ ಅದರಲ್ಲಿ ಎಡೆಯಿತ್ತು. ಯಾರನ್ನೂ ಬರಿಗೈಯಲ್ಲಿ ಕಳುಹಿಸದ ಕಾಯಿದೆಯಾದುದರಿಂದಲೇ ಅದು ಕೊನೆಗೆ ನಿಂತಿತು.

ಆದರೂ ಹಣ ಸುಲಭವಾಗಿ ಬರಲಿಲ್ಲ. ಸರ್ಕಾರ 2.95 ಕೋಟಿ ಡಾಲರ್ ಕೊಟ್ಟು ಕಟ್ಟೆಗಳನ್ನು ಕೊಂಡುದು 2000ದಲ್ಲಿ. ಒಡೆಯುವ ಕೆಲಸ ಮೊದಲಾಗುವುದಕ್ಕೆ ಇನ್ನೂ ಹನ್ನೊಂದು ವರ್ಷ ಹಿಡಿಯಿತು. ಆ ವೇಳೆಗೆ ಹೋರಾಟ ಮೊದಲು ಮಾಡಿದ ಹಿರಿಯರಲ್ಲಿ ಹಲವರು ಕಣ್ಣು ಮುಚ್ಚಿದ್ದರು. ಒಟ್ಟು ವೆಚ್ಚ ಸುಮಾರು 32.5 ಕೋಟಿ ಡಾಲರ್ ಎಂದು ಲೆಕ್ಕವಾಯಿತು. ಅದರಲ್ಲಿ ಕಟ್ಟೆ ಒಡೆಯುವ ಗುತ್ತಿಗೆ ಸುಮಾರು 2.7 ಕೋಟಿ ಮಾತ್ರ. ಕೆಸರುನೀರನ್ನು ಶುದ್ಧಿಮಾಡುವ ಕಟ್ಟಡಗಳು, ಕೆಳಗಿನ ಊರಿಗೆ ಪ್ರವಾಹದ ಒಡ್ಡು, ಹೊಸ ಮರಿಮಾಡುವ ಕೇಂದ್ರ ಇಂಥವುಗಳಿಗೆ ಹೋದುದೇ ಹೆಚ್ಚು. ಕಟ್ಟೆಯನ್ನು ತೆಗೆಯುವುದು ಸುಲಭ. ನೂರು ವರ್ಷ ಕಟ್ಟೆಯನ್ನು ನೆಚ್ಚಿ ಬೆಳೆದ ಬದುಕನ್ನು ಅದರಿಂದ ಬಿಡಿಸುವುದು ಕಷ್ಟ.

ಒಡೆದ ಮೇಲೆ

2011ರ ಸೆಪ್ಟೆಂಬರ್ 17ರಂದು ಕ್ಲಾಲಮ್ ಜನರ ಹಾಡು ಪ್ರಾರ್ಥನೆಗಳೊಡನೆ ಸಮಾರಂಭ ನಡೆಯಿತು. ಒಂದೇ ಏಟಿಗೆ ಕಟ್ಟೆಯನ್ನು ಸಿಡಿಸಲಿಲ್ಲ. ಹಾಗೆ ಮಾಡಿದ್ದರೆ ನೂರು ವರ್ಷದ ಹೂಳು ಒಮ್ಮೆಗೇ ನುಗ್ಗಿ ಕೆಳಗಿದ್ದುದನ್ನೆಲ್ಲ ಹೂಳಿಬಿಡುತ್ತಿತ್ತು. ಗೋಡೆಯನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ ಕಡಿದು, ನೀರನ್ನು ಮೆಲ್ಲಗೆ ಇಳಿಸಿ, ಮೀನು ಬರುವ ಕಾಲದಲ್ಲಿ ಕೆಲಸ ನಿಲ್ಲಿಸಿ, ಮತ್ತೆ ಕಡಿಯುತ್ತ ಹೋದರು. 2012ರ ವಸಂತದ ವೇಳೆಗೆ ಕೆಳಗಿನ ಕಟ್ಟೆ ಮಾಯವಾಯಿತು. 2014ರ ಆಗಸ್ಟ್ 26ರಂದು ಮೇಲಿನ ಕಟ್ಟೆಯ ಕೊನೆಯ ತುಂಡು ಸಿಡಿಯಿತು. ಮೊದಲ ಐದು ವರ್ಷಗಳಲ್ಲಿ ಸುಮಾರು ಎರಡು ಕೋಟಿ ಟನ್ ಹೂಳು ಹೊಳೆಯಲ್ಲಿ ಹರಿದು ಬಂದು ಬಹುಪಾಲು ಸಮುದ್ರ ಸೇರಿತು. ಹೊಳೆ ಕಂದು ಬಣ್ಣಕ್ಕೆ ತಿರುಗಿತು. ಪಟ್ಟಣಕ್ಕಾಗಿ ಕಟ್ಟಿದ ನೀರಿನ ಸ್ಥಾವರದ ಜಾಲರಿಗಳು ಎಲೆ ಕಡ್ಡಿಗಳಿಂದ ಕಟ್ಟಿಕೊಂಡು ಕೆಲಸ ತಡವಾಯಿತು. ಟೀಕಿಸುವವರಿಗೆ ಸುಗ್ಗಿಯಾಯಿತು. ಆದರೆ ಅದೇ ಹೂಳು ಹೊಳೆಯ ಮುಖದಲ್ಲಿ ನಿಂತು ಹೊಸ ಮರಳದಂಡೆಯಾಯಿತು. ಕಲ್ಲುಗಳ ಹಾಸಾಗಿದ್ದ ತೀರ ಮತ್ತೆ ಮೆತ್ತಗಾಯಿತು, ಏಡಿಗಳು ಬಂದುವು.

ಬರಿದಾದ ಜಲಾಶಯದ ತಳ ಮೊದಲು ಚಂದ್ರನ ಮೇಲ್ಮೈಯಂತಿತ್ತು. ಉದ್ಯಾನದವರೂ ಬುಡಕಟ್ಟಿನವರೂ ಸೇರಿ ಸುತ್ತಲಿನ ಕಾಡಿನಿಂದಲೇ ಬೀಜ ಆರಿಸಿ, ಸಸಿ ಬೆಳೆಸಿ, ಲಕ್ಷಗಟ್ಟಲೆ ಗಿಡ ನೆಟ್ಟರು. ಅಲ್ಲಿ ಮುಳುಗಿದ್ದ ಹಳೆಯ ಮರಗಳ ಬೊಡ್ಡೆಗಳು ನೂರು ವರ್ಷದ ಹಿಂದೆ ಕೊಡಲಿ ಮಾಡಿದ ಗಾಯದೊಡನೆ ಹಾಗೆಯೇ ನಿಂತಿದ್ದುವು. ನೀರು ಇಳಿದ 2012ರಲ್ಲಿಯೇ ಬುಡಕಟ್ಟಿನವರು ಕಣಿವೆಯಲ್ಲಿ ಹುಡುಕುತ್ತ ಹೋದಾಗ, ಬುಟ್ಟಿಯಾಕಾರದ ಕುಳಿಗಳಿದ್ದ ಆ ಬಂಡೆ ಕಣ್ಣಿಗೆ ಬಿದ್ದಿತು. ಅಜ್ಜ ಅಜ್ಜಿಯರ ಬಾಯಿಂದ ಕೇಳಿದ್ದರೇ ಹೊರತು ಬದುಕಿದ್ದವರಲ್ಲಿ ಅದನ್ನು ಕಂಡವರಿರಲಿಲ್ಲ. ಕಥೆಯೆಂದು ಹೊರಗಿನವರು ತಿಳಿದಿದ್ದುದು ನೀರಿನ ಕೆಳಗೆ ನಿಜವಾಗಿ ಕಾದಿದ್ದಿತು.

ಮೀನು ಕಾಯಲಿಲ್ಲ. ಕೆಳಗಿನ ಕಟ್ಟೆ ಹೋದ ವರ್ಷವೇ ಚಿನೂಕ್ ಅದರ ಜಾಗವನ್ನು ದಾಟಿತು. 2014ರಲ್ಲಿ ಮೇಲಿನ ಕಟ್ಟೆಯ ಜಾಗದ ಆಚೆಗೂ ಕೆಲವು ಕಾಣಿಸಿಕೊಂಡುವು. ಅಲ್ಲಿ ಕಂದರಕ್ಕೆ ಉರುಳಿದ್ದ ಬಂಡೆಗಳು ದಾರಿ ಕಟ್ಟಿದ್ದುವು. ಮುಂದಿನ ಎರಡು ವರ್ಷಗಳಲ್ಲಿ ಅವನ್ನೂ ಸಿಡಿಸಿದರು. ಎಲ್ಲಕ್ಕಿಂತ ಆಶ್ಚರ್ಯದ ಮಾತು ಬೇಸಗೆಯ ಸ್ಟೀಲ್‌ಹೆಡ್ ಮೀನಿನದು. ಈ ಮೀನು ಸಮುದ್ರಕ್ಕೆ ಹೋಗದೆ ಹೊಳೆಯಲ್ಲಿಯೇ ಉಳಿದರೆ ಅದಕ್ಕೆ ರೇನ್‌ಬೋ ಟ್ರೌಟ್ ಎಂಬ ಹೆಸರು. ಕಟ್ಟೆಗಳ ಮೇಲೆ ಸಿಕ್ಕಿಬಿದ್ದು ಹಲವು ತಲೆಮಾರು ಟ್ರೌಟಾಗಿಯೇ ಬದುಕಿದ್ದ ಸಂತತಿ, ದಾರಿ ತೆರೆದೊಡನೆ ಸಮುದ್ರಕ್ಕೆ ಇಳಿದು ದೊಡ್ಡ ಮೀನಾಗಿ ಹಿಂದಿರುಗಿತು. ಸಮುದ್ರದ ನೆನಪು ಅದರ ರಕ್ತದಲ್ಲಿ ಉಳಿದಿದ್ದಿತು.

ಎಲ್ಲವೂ ಸುಗಮವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಬಿಡುಗಡೆಯಾದ ಹೊಳೆ ತನ್ನ ಪಾತ್ರವನ್ನು ಬದಲಿಸಿ ಉದ್ಯಾನದ ರಸ್ತೆಯನ್ನೂ ಪ್ರವಾಸಿಗಳ ಬೀಡುಗಳನ್ನೂ ಕೊಚ್ಚಿತು. ಕೇಂದ್ರದಲ್ಲಿ ಮಾಡಿಸಿದ ಮರಿಗಳನ್ನು ಬಿಟ್ಟರೆ ಕಾಡುಮೀನಿನ ತಳಿ ಕೆಡುತ್ತದೆಂದು ಒಂದು ಪಕ್ಷ ನ್ಯಾಯಾಲಯಕ್ಕೂ ಹೋಯಿತು. ಹೂಳಿನ ವರ್ಷಗಳಲ್ಲಿ ಸಂತತಿ ಅಳಿಯದಿರಲು ಅದು ಬೇಕೆಂಬುದು ಬುಡಕಟ್ಟಿನ ವಾದ. ಹಳೆಯ ನಾಲ್ಕು ಲಕ್ಷದ ಲೆಕ್ಕ ಇನ್ನೂ ಬಹುದೂರ ಉಳಿದಿದೆ. ಆದ್ದರಿಂದ 2011ರಿಂದ ಹೊಳೆಯಲ್ಲಿ ಮೀನು ಹಿಡಿಯುವುದನ್ನು ಎಲ್ಲರೂ ನಿಲ್ಲಿಸಿದರು. ಹಕ್ಕಿಗಾಗಿ ನೂರು ವರ್ಷ ಹೋರಾಡಿದ ಜನ, ಹೊಳೆ ಬಿಡುಗಡೆಯಾದ ಮೇಲೆ ಹನ್ನೆರಡು ವರ್ಷ ಬಲೆಯನ್ನು ಮುಟ್ಟದೆ ಕುಳಿತರು. 2023ರ ಶರತ್ಕಾಲದಲ್ಲಿ ಕೋಹೋ ಜಾತಿಯ ಮೀನು ಸಾಕಷ್ಟು ಚೇತರಿಸಿದೆಯೆಂದು ತೋರಿದಾಗ, ವಿಧಿಗಾಗಿಯೂ ಊಟಕ್ಕಾಗಿಯೂ 400 ಮೀನು ಹಿಡಿಯಲು ಬುಡಕಟ್ಟಿಗೆ ಅವಕಾಶವಾಯಿತು. ಹಗಲು ಹೊತ್ತಿನಲ್ಲಿ, ಯಾರಿಗೂ ಹೆದರದೆ, ತಮ್ಮ ಹೊಳೆಯ ಮೀನನ್ನು ಮಕ್ಕಳ ಕೈಗೆ ಕೊಟ್ಟರು.

ಎಲ್ವಾದ ಕಥೆಯಿಂದ ಎಲ್ಲ ಅಣೆಕಟ್ಟುಗಳೂ ಕೆಡುಕೆಂದು ತೀರ್ಮಾನಿಸುವುದು ಅವಸರದ ಮಾತು. ಆ ಕಟ್ಟೆಗಳು ಒಂದು ಎಕರೆ ಗದ್ದೆಗೂ ನೀರು ಕೊಟ್ಟವಲ್ಲ. ಅವುಗಳ ವಿದ್ಯುತ್ತಿಗೆ ಬದಲಿ ಸುಲಭವಾಗಿ ಸಿಕ್ಕಿತು. ಕಣಿವೆಯ ಬಹುಭಾಗ ರಾಷ್ಟ್ರೀಯ ಉದ್ಯಾನದಲ್ಲಿ ಕೆಡದೆ ಉಳಿದಿದ್ದಿತು. ಲಕ್ಷಾಂತರ ಎಕರೆಗೆ ನೀರುಣಿಸುವ ಕಟ್ಟೆಯ ಲೆಕ್ಕ ಬೇರೆ. ಆದರೆ ಕಟ್ಟೆಗೂ ಒಂದು ಆಯುಸ್ಸುಂಟು, ಅದರ ಲಾಭನಷ್ಟದ ಲೆಕ್ಕವನ್ನು ಕಟ್ಟಿದ ದಿನ ಮಾತ್ರವಲ್ಲದೆ ಮತ್ತೆ ಮತ್ತೆ ಮಾಡಬೇಕು, ಆ ಲೆಕ್ಕಕ್ಕೆ ಕೂರುವಾಗ ಕಟ್ಟೆಯ ಕೆಳಗೆ ಇರುವವರನ್ನೂ ಕರೆಯಬೇಕು, ಇಷ್ಟನ್ನಾದರೂ ಎಲ್ವಾ ತೋರಿಸಿಕೊಟ್ಟಿತು. ಅದನ್ನು ನೋಡಿ ಧೈರ್ಯಗೊಂಡವರುಂಟು. ಅಲ್ಲಿಂದ ದಕ್ಷಿಣದಲ್ಲಿ ಕ್ಲಾಮತ್ ನದಿಯ ಬುಡಕಟ್ಟುಗಳು ಬಹುಕಾಲ ಹೋರಾಡಿದ ಮೇಲೆ 2024ರ ವೇಳೆಗೆ ಆ ನದಿಯ ನಾಲ್ಕು ಕಟ್ಟೆಗಳು ಉರುಳಿದುವು.

1855ರಲ್ಲಿ ನೆಲವನ್ನೆಲ್ಲ ಬಿಟ್ಟುಕೊಡುವಾಗ ಕ್ಲಾಲಮ್ ಹಿರಿಯರು ಮೀನಿನ ಹಕ್ಕೊಂದನ್ನು ಏಕೆ ಬಿಡಲಿಲ್ಲವೆಂದು ಎದುರು ಪಕ್ಷದವರಿಗೆ ಆಗ ಅರ್ಥವಾಗಿರಲಾರದು. ಆ ಹಿರಿಯರು ಲೆಕ್ಕ ತಿಳಿಯದವರಾಗಿರಲಿಲ್ಲ. ಅವರ ಲೆಕ್ಕ ಮೊಮ್ಮಕ್ಕಳ ಕಾಲದವರೆಗೆ ಚಾಚಿದ್ದಿತು.